ಹತ್ತು ಬೆರಳಿನ ಉಪಕಾರ

ಗೋಡೆಗೆ ಅಂಟಿಸಿದ್ದ ಚೀಟಿ ಓದಿದ ಕೂಡಲೇ ಗುಮಾಸ್ತನ ಎದೆ ಧಸಕ್ಕೆಂದಿತು. 'ಒಂದೇ ಬೆರಳು ಎರಡು ಸಲ ದಾಖಲಾಗಿದೆಯೇ ಎಂದು ಇಂದು ಯಂತ್ರ ಪರೀಕ್ಷಿಸಲಿದೆ. ತಪ್ಪು ಕಂಡರೆ ದಾಖಲಿಸಿದವರು ಕೆಲಸ ಬಿಟ್ಟು ಮನೆಗೆ.'

ದಾಖಲಿಸಿದವನು ಅವನೇ. ಬೆರಳಚ್ಚಿನಿಂದ ಮನುಷ್ಯರನ್ನು ಗುರುತಿಸುವ ಸಂಶೋಧನೆಗೆಂದು ಸಾವಿರ ಜನರ ಅಚ್ಚು ಕೂಡಿಹಾಕಿದ್ದ. ತಲೆಗೊಂದು ಬೆರಳು, ಕೊಟ್ಟವರಿಗೊಂದು ಉಣ್ಣೆಯ ಶಾಲು, ಆದರೆ ಕಚೇರಿಯ ನೌಕರರು ಮಾತ್ರ ತಮ್ಮ ಬೆರಳು ಕೊಡುವಂತಿರಲಿಲ್ಲ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹತ್ತು ಅಜ್ಜಿಯರೂ ಬಂದಿದ್ದರು. ಉಜ್ಜಿ ಉಜ್ಜಿ ಅವರ ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರ ಒಪ್ಪಲಿಲ್ಲ.

"ಇರ್ಲಿ ಬಿಡಪ್ಪ. ಹಣೇಲಿ ಗೆರೆ ಇಲ್ಲ ಅಂತ ಗೊತ್ತಿತ್ತು, ಬೆರಳಲ್ಲೂ ಇಲ್ಲ" ಎಂದು ದೊಡ್ಡಜ್ಜಿ ನಗುತ್ತ ಎದ್ದಾಗ ಅವನಿಗೆ ತಡೆಯಲಾಗಲಿಲ್ಲ. ಅವಳ ಹೆಸರಿಗೆ ತನ್ನ ಹೆಬ್ಬೆರಳು ಒತ್ತಿ ಶಾಲು ಹೊದಿಸಿದ. ಮುಂದಿನವಳಿಗೆ ತೋರುಬೆರಳು. ಹೀಗೆ ಹತ್ತು ಅಜ್ಜಿಯರಿಗೆ ಹತ್ತು ಬೆರಳು.

ಹತ್ತೂ ಬೇರೆಬೇರೆಯೇ? ಉಂಗುರದ ಬೆರಳನ್ನು ಎರಡು ಸಲ ಒತ್ತಿಬಿಟ್ಟೆನೇ? ಕೆಲಸ ಹೋದರೆ ಹೆಂಡತಿಗೆ ಯಾವ ಮುಖ ತೋರಿಸಲಿ? ಸಾಕ್ಷಿ ಮುಚ್ಚಲು ಔಷಧಿ ಪೆಟ್ಟಿಗೆ ತೆರೆದು ಹತ್ತೂ ಬೆರಳಿಗೆ ಬಟ್ಟೆ ಸುತ್ತಿಕೊಂಡ. ಕೈಗಳು ಎರಡು ಬಾಳೆಗೊನೆಗಳಂತಾದವು.

"ಅಯ್ಯೋ, ಏನಾಯ್ತೋ?" ಟೈಪಿಸ್ಟ್ ಅಕ್ಕ ಓಡಿಬಂದಳು.

"ಬಾಗಿಲಿಗೆ ಸಿಕ್ತು ಅಕ್ಕಾ."

"ಹತ್ತೂನಾ?"

"ಒಂದಾದ್ಮೇಲೊಂದು."

"ಮೊದಲ್ನೇದು ಸಿಕ್ಕಾಗ್ಲೇ ಬಾಗಿಲಿಂದ ದೂರ ಸರಿಬಾರ್ದಿತ್ತಾ ಸ್ವಾಮಿ?" ಎಂದ ಕಾವಲುಗಾರ.

ಮಧ್ಯಾಹ್ನ ಅಕ್ಕ ತನ್ನ ಡಬ್ಬಿಯಿಂದಲೇ ಚಮಚದಲ್ಲಿ ತಿನ್ನಿಸಿದಳು.

ಮೂರು ಗಂಟೆಗೆ ಪರೀಕ್ಷೆ ಶುರುವಾಯಿತು. ನಿರ್ದೇಶಕರು "ಬೆರಳು…" ಎಂದದ್ದೇ ತಡ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಇವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಕೊನೆಗೆ ಪರದೆ ಹಸಿರಾಯಿತು.

"ಸಾವಿರ ಬೆರಳು, ಒಂದೂ ಎರಡು ಸಲ ಇಲ್ಲ. ಭೇಷ್!" ಎಂದು ನಿರ್ದೇಶಕರು ಬೆನ್ನು ತಟ್ಟಿದರು.

ಹೋದ ಜೀವ ಬಂದಂತಾಯಿತು. ಖುಷಿಯಲ್ಲಿ ಸುತ್ತಿದ್ದನ್ನೆಲ್ಲ ಬಿಚ್ಚಿ ಎಸೆದ.

"ಇಷ್ಟು ಬೇಗ ವಾಸಿಯಾಯ್ತಾ?"

"ನಿಮ್ಮ ಕೈಗುಣ ಅಕ್ಕಾ!"

"ಇವತ್ತಿಂದ ನಮ್ಮ ಹಾಜರಿನೂ ಇದೇ ಯಂತ್ರದಲ್ಲೇ" ಎಂದರು ನಿರ್ದೇಶಕರು. "ಮೊದಲನೇ ಗೌರವ ನಿಮಗೇ. ಎಲ್ಲಿ, ಬೆರಳಿಡಿ."

ಹಿಂದೆ ಸರಿಯಲು ಜಾಗವಿರಲಿಲ್ಲ. ಹೆಬ್ಬೆರಳಿಟ್ಟ.

"ನಮಸ್ಕಾರ, ದೊಡ್ಡಜ್ಜಿ" ಎಂದಿತು ಯಂತ್ರ. "ವಯಸ್ಸು ಎಪ್ಪತ್ತೆರಡು. ಕ್ಯಾಂಟೀನು."

ಎಲ್ಲರೂ ತಿರುಗಿ ನೋಡಿದರು. ತೋರುಬೆರಳಿಟ್ಟ, ಇನ್ನೊಬ್ಬ ಅಜ್ಜಿ. ಒಂದೊಂದೇ ಇಡುತ್ತ ಹೋದ. ಎಡಗೈ ಕಿರುಬೆರಳಿಗೆ ಎಪ್ಪತ್ತು ವರ್ಷ. ಹತ್ತು ಬೆರಳಿದ್ದರೂ ಅವನದೆಂಬ ಒಂದು ಬೆರಳಿರಲಿಲ್ಲ. ನಿರ್ದೇಶಕರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಯಂತ್ರ ಕೆಟ್ಟಿರ್ಬೇಕು ಸಾರ್" ಎಂದು ಗುಮಾಸ್ತ ತೊದಲಿದ. ನಿರ್ದೇಶಕರು ತಲೆ ಕೆರೆದುಕೊಳ್ಳುತ್ತ, "ಇರಬಹುದೇನೋ" ಎಂದರು.

ಅಷ್ಟರಲ್ಲಿ ಟೀ ಲೋಟ ಒಯ್ಯಲು ಬಂದಿದ್ದ ದೊಡ್ಡಜ್ಜಿ, ಶಾಲು ಹೊದ್ದೇ ಮೆಲ್ಲನೆ ಅವನ ಬಳಿ ಸರಿದು ಕಿವಿಯಲ್ಲಿ ಪಿಸುಗುಟ್ಟಿದಳು. ಪಾತ್ರೆಗಳ ಗಲಾಟೆಯಲ್ಲೇ ಬದುಕಿದವಳ ಪಿಸುಮಾತು ಅದು. ಇಡೀ ಕಚೇರಿಗೆ ಕೇಳಿಸಿತು.

"ಹೆದರ್ಬೇಡ ಮಗಾ. ನಮಗೆ ಕೊಟ್ಟಿದ್ದು ಕೈ ಬೆರಳು ತಾನೇ? ಚಪ್ಪಲಿ ಬಿಚ್ಚು, ಕಾಲಲ್ಲಿನ್ನೂ ಹತ್ತಿವೆ!"