ಮೂವತ್ತೆಂಟು ಎಂಬ ತಪ್ಪು ಉತ್ತರ

ಆನ್‌ಲೈನ್ ಕಾಲೇಜಿನ ಮಾನವ ಶರೀರಕ್ರಿಯಾಶಾಸ್ತ್ರ ತರಗತಿಯಲ್ಲಿ ಉತ್ತರಗಳನ್ನು ತಿದ್ದಿ ಅಂಕ ಕೊಡುವ ಯಂತ್ರದವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಹಸಿವು ನಿದ್ರೆಗಳ ಗೊಡವೆಯಿಲ್ಲದೆ, ರಜೆ ಕೇಳದೆ, ಯಾರ ಮುಖವನ್ನೂ ನೋಡದೆ ಸಾವಿರಾರು ಮಂದಿಯ ತಪ್ಪು ಸರಿಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವ ತಮಗೆ, ವಿದ್ಯಾರ್ಥಿ ಸಂಖ್ಯೆ ನಾಲ್ಕು ಸಾವಿರದ ನೂರ ಹದಿನೇಳು ಆದ ನಾನು ಮಾಡುವ ಅನಂತ ನಮಸ್ಕಾರಗಳು. ಪತ್ರದ ಮೊದಲಿಗೆ ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಅದರ ಕಾರಣ ತಿಳಿಸಲೆಂದೇ ಈ ಪತ್ರ.

ತಾವು ನನ್ನನ್ನು ಸಂಖ್ಯೆಯಿಂದ ಬಲ್ಲಿರೇ ಹೊರತು ಕಸುಬಿನಿಂದ ಬಲ್ಲವರಲ್ಲವಾದ್ದರಿಂದ ಹೇಳುತ್ತೇನೆ: ನಾನು ಟೈಲರ್. ಇಪ್ಪತ್ತಾರು ವರ್ಷಗಳಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಓಡಾಡುತ್ತಿರುವವಳು. ಈಚಿನ ಎಂಟು ವರ್ಷ ಸೊಂಟಪಟ್ಟಿ, ಮೊಣಕಾಲುಪಟ್ಟಿ, ಕತ್ತಿನ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದೇನೆ. ಅಲ್ಲಿ ಹೊಲಿಯುವವರು ಒಳಕೋಣೆಯಲ್ಲಿ, ನೋವಿರುವವರ ಅಳತೆ ತೆಗೆಯುವವರು ಹೊರಗೆ ಕಿಟಕಿ ಪಕ್ಕದ ಮೇಜಿನಲ್ಲಿ. ಆ ಮೇಜಿನಲ್ಲಿ ಕೂರಬೇಕಾದರೆ ಶರೀರಕ್ರಿಯಾಶಾಸ್ತ್ರದಲ್ಲಿ ಪಾಸಾದ ಸರ್ಟಿಫಿಕೇಟು ಬೇಕೆಂದು ಮಾಲೀಕರ ಕಟ್ಟಳೆ. ಈಗ ಅಲ್ಲಿ ಕೂರುವವರನ್ನು ನಾವೆಲ್ಲ ಸರ್ಟಿಫಿಕೇಟ್ ಸಾಹೇಬರು ಎಂದೇ ಕರೆಯುವುದು. ಅವರು ಬಂದವರನ್ನು ಒಮ್ಮೆ ನೋಡಿ, ಗೋಡೆಗೆ ಅಂಟಿಸಿದ ಅಳತೆಗಳ ಪಟ್ಟಿಯನ್ನು ಒಮ್ಮೆ ನೋಡಿ, ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರರಲ್ಲೊಂದು ಬರೆದು ಒಳಗೆ ಕಳಿಸುತ್ತಾರೆ. ವಾರ ಕಳೆದ ಮೇಲೆ ಹೊಲಿದು ಕೊಟ್ಟ ಸೊಂಟಪಟ್ಟಿ ಪಕ್ಕೆ ಕೊರೆಯುತ್ತಿದೆಯೆಂದು ವಾಪಸು ಬರುತ್ತದೆ, ನಾನು ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಒಂದು ಭುಜ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗಿರದ ಮನುಷ್ಯರನ್ನು ನಾನು ಈವರೆಗೆ ಕಂಡದ್ದು ಕಡಿಮೆ. ಇದನ್ನು ಎಷ್ಟೋ ಸಲ ಹೇಳಿದೆ. ಒಳಕೋಣೆಯವರ ಮಾತು ಹೊರಗೆ ಕೇಳಿಸುವುದಿಲ್ಲ. ಆ ಮೇಜಿಗೆ ಹೋಗಲೇಬೇಕೆಂಬ ಹಟ ಹಾಗೆ ಹುಟ್ಟಿತು, ನಲವತ್ತೇಳನೆಯ ವಯಸ್ಸಿನಲ್ಲಿ ತಮ್ಮ ಶಿಷ್ಯೆಯಾದೆ.

ನಿಜ ಹೇಳಬೇಕೆಂದರೆ, ಮಾನ್ಯರೇ, ನನಗೆ ಆ ಪಾಠಗಳೆಂದರೆ ಪ್ರಾಣವಾಗಿಹೋಯಿತು. ಊಟದ ವಿರಾಮದಲ್ಲಿ ಡಬ್ಬಿ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ. ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿ ಕಾಣಿಸುವ ಮೇಷ್ಟ್ರು ಇಪ್ಪತ್ತು ಪಾಠಕ್ಕೂ ಒಂದೇ ಅಂಗಿ ತೊಟ್ಟಿದ್ದರು, ಅದರ ಕಾಲರ್ ಎಡಕ್ಕೆ ಎಳೆಯುತ್ತಿತ್ತು, ಅಷ್ಟು ಬಿಟ್ಟರೆ ದೇವರಂಥ ಮನುಷ್ಯ. ಹೊಟ್ಟೆ ತನ್ನನ್ನೇ ತಾನು ಯಾಕೆ ಅರಗಿಸಿಕೊಳ್ಳುವುದಿಲ್ಲ ಎಂಬುದನ್ನು ಕೇಳಿದ ದಿನ ಮೂಗಿನ ಮೇಲೆ ಬೆರಳಿಟ್ಟುಕೊಂಡು ಮನೆಗೆ ಬಂದೆ, ಬಂದವಳೇ ತರಕಾರಿ ಹೆಚ್ಚುತ್ತಿದ್ದ ನಮ್ಮ ಅತ್ತೆಗೆ ಎಲ್ಲ ವಿವರಿಸಿದೆ. ಅವರು, ಅರವತ್ತೊಂಬತ್ತು ವರ್ಷ ಹೊಟ್ಟೆಯೊಳಗೆ ಇಷ್ಟೆಲ್ಲ ನಡೆಯುತ್ತಿತ್ತೇ, ತಮಗೊಂದು ಮಾತು ಯಾರೂ ತಿಳಿಸಲಿಲ್ಲವಲ್ಲ ಎಂದು ಆಕ್ಷೇಪಿಸಿದರು. ಅಂದಿನಿಂದ ದಿನಾ ಸಂಜೆ ನಮ್ಮ ಅಡುಗೆಮನೆಯಲ್ಲಿ ಒಂದು ಅಂಗದ ವಿಚಾರಣೆ ನಡೆಯತೊಡಗಿತು.

ಹೀಗಿರಲು ಆರನೆಯ ಪ್ರಯೋಗ ಬಂತು. ಮನೆಯ ಒಬ್ಬ ಆರೋಗ್ಯವಂತ ವಯಸ್ಕರ ನಾಡಿಯನ್ನು ಕುಳಿತಾಗೊಮ್ಮೆ, ಮೆಟ್ಟಿಲು ಹತ್ತಿ ಇಳಿದ ಮೇಲೊಮ್ಮೆ ಎಣಿಸಿ ಬರೆಯಬೇಕು. ಹತ್ತು ಅಂಕ. ನಮ್ಮ ಯಜಮಾನರು ಲಾರಿಯ ಜೊತೆ ಊರೂರು ಸುತ್ತುವವರು, ಮನೆಯಲ್ಲಿ ಕೈಗೆ ಸಿಗುವ ವಯಸ್ಕರೆಂದರೆ ಅತ್ತೆಯೊಬ್ಬರೇ. ಆ ತಿಂಗಳಲ್ಲಿ ಅವರಿಗೆ ಎರಡು ಸಲ ತಲೆ ಸುತ್ತಿ ಬಂದಿತ್ತು, ಶನಿವಾರ ಡಾಕ್ಟರ ಬಳಿ ಹೋಗುವುದೆಂದೂ ಮಾತಾಗಿತ್ತು. ಆದರೂ ಆಸ್ಪತ್ರೆಯ ಮೆಟ್ಟಿಲು ಹತ್ತದ ತನಗಿಂತ ಆರೋಗ್ಯವಂತರು ಈ ಕಟ್ಟಡದಲ್ಲೇ ಇಲ್ಲವೆಂದು ವಾದಿಸಿ, ಬಳೆ ಮೇಲೆ ಸರಿಸಿ, ಫೋಟೋಗೆ ಕೂತ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತೆಂಟು. ಒಂದು ಮಹಡಿ ಇಳಿಸಿ ಹತ್ತಿಸಿ ಮತ್ತೆ ಎಣಿಸಿದೆ. ನಲವತ್ತು. ಹಾಗೆಯೇ ಬರೆದು ತಮ್ಮ ಪಾದಕ್ಕೆ ಒಪ್ಪಿಸಿದೆ. ತಾವು ಕೆಂಪು ಗೆರೆ ಎಳೆದು, ಈ ಮೌಲ್ಯ ಸ್ವೀಕಾರಾರ್ಹವಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎಂದಿರಿ. ಮತ್ತೊಮ್ಮೆ ಪ್ರಯತ್ನಿಸಿದೆ, ಮೂವತ್ತೆಂಟೇ. ಇನ್ನೊಮ್ಮೆಯೂ ಅದೇ. ಮೂರನೆಯ ಸಲ ತಾವು ಬಹಳ ಕರುಣೆಯಿಂದ ಸುಳಿವೊಂದನ್ನು ದಯಪಾಲಿಸಿದಿರಿ: ಆರೋಗ್ಯವಂತರ ನಾಡಿ ನಿಮಿಷಕ್ಕೆ ಅರವತ್ತರಿಂದ ನೂರು, ನಿಮ್ಮ ಬೆರಳು ಸರಿಯಾದ ಜಾಗದಲ್ಲಿಲ್ಲ, ನಾಡಿ ಹಿಡಿಯುವ ಪಾಠವನ್ನು ಮೊದಲಿಂದ ನೋಡಿ ಬನ್ನಿ.

ಟೇಪು ಹಿಡಿದು ಇಪ್ಪತ್ತಾರು ವರ್ಷವಾದವಳಿಗೆ ಅಳತೆ ಬರುವುದಿಲ್ಲವೆಂದು ಯಾರೂ ಅಂದಿರಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ನಾಡಿ ಅರವತ್ತಕ್ಕಿಂತ ತೀರಾ ಕಡಿಮೆಯಾಗಿ ತಲೆಯೂ ಸುತ್ತುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕೆಂದು ಐದನೆಯ ಪಾಠದಲ್ಲಿ ಅದೇ ಮೇಷ್ಟ್ರ ಬಾಯಲ್ಲಿ ಹೇಳಿಸಿದವರು ತಾವೇ. ಆರನೆಯ ಪ್ರಯೋಗದಲ್ಲಿ ಅದು ಬರೀ ಎಣಿಕೆಯ ದೋಷ ಎಂದವರೂ ತಾವೇ. ಐದನೆಯದಕ್ಕೂ ಆರನೆಯದಕ್ಕೂ ನಡುವೆ ನಮ್ಮ ಅತ್ತೆ ಕೂತಿದ್ದಾರೆಂಬುದು ತಮಗೆ ಕಾಣಿಸಲಿಲ್ಲ. ನನಗೆ ಕಾಣಿಸಬೇಕಿತ್ತು. ಆದರೆ ಗುರುಗಳ ಮಾತಿನ ಮುಂದೆ ನನ್ನ ಬೆರಳಿನ ಮೇಲೆ ನನಗೇ ಅನುಮಾನ ಬಂತು, ಹೊಲಿದು ಹೊಲಿದು ತುದಿ ಮರಗಟ್ಟಿರಬಹುದು ಅಂದುಕೊಂಡೆ. ಅತ್ತೆಯವರೋ, ತನ್ನ ನಾಡಿಯೇ ತಪ್ಪೆಂದರೇನರ್ಥ, ಗಂಡ ಬಿಟ್ಟರೆ ತನ್ನಲ್ಲಿ ಈವರೆಗೆ ಯಾರೂ ತಪ್ಪು ಹುಡುಕಿಲ್ಲವೆಂದು ಸಿಡುಕುತ್ತ ಒಳಗೆ ಹೋದರು. ಅವರು ಅತ್ತ ಹೋದೊಡನೆ ನಾನು ಇತ್ತ ಎಪ್ಪತ್ತೆರಡು ಎಂದು ಒತ್ತಿದೆ, ಮೆಟ್ಟಿಲ ಖಾನೆಯಲ್ಲಿ ನೂರ ಹತ್ತು.

ಆಹಾ! ತಮ್ಮ ಸಂತೋಷವನ್ನು ಏನೆಂದು ವರ್ಣಿಸಲಿ. ಹಸಿರು ಗುರುತು ಬಂತು, ಬಣ್ಣದ ಚೂರುಗಳು ಉದುರಿದವು, ಎಂಥದೋ ಗಂಟೆ ಮೊಳಗಿತು. ಅತ್ಯುತ್ತಮ ವೀಕ್ಷಣೆ, ಹತ್ತಕ್ಕೆ ಹತ್ತು, ಇದು ಆರೋಗ್ಯಕರ ಹೃದಯ ಎಂದು ತಾವು ಗಟ್ಟಿಯಾಗಿ ಓದಿದಿರಿ. ಆ ಸದ್ದಿಗೆ ಅತ್ತೆ ಮತ್ತೆ ಹೊರಗೆ ಬಂದರು. ತನ್ನ ಹೃದಯಕ್ಕೆ ಹತ್ತಕ್ಕೆ ಹತ್ತು ಬಂದಿದೆಯೆಂದು ತಿಳಿದು ಅವರ ಮುಖ ಅರಳಿದ್ದನ್ನು ನೋಡಿ, ಮಾನ್ಯರೇ, ನಾಲ್ಕನೆಯ ಸಲ ಸರಿಯಾಗಿ ಸಿಕ್ಕಿತು ಎಂದೆ. ಕಾಲೇಜಿನವರೇ ಹೇಳಿದ ಮೇಲೆ ಡಾಕ್ಟರು ಇನ್ನೇನು ಹೇಳಿಯಾರೆಂದು ಅವರು ಶನಿವಾರದ ಪ್ರಯಾಣವನ್ನು ರದ್ದು ಮಾಡಿದರು. ಕೆಳಮನೆಯ ಟೀಚರಮ್ಮನಿಗೂ ಹೇಳಿ ಬಂದರು.

ಹನ್ನೊಂದನೆಯ ದಿನ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಹೋಗುವಾಗ ಎರಡನೆಯ ತಿರುವಿನಲ್ಲಿ ಅವರು ಬಿದ್ದರು. ಬಕೆಟ್ಟು ಉರುಳಿ ಉರುಳಿ ಟೀಚರಮ್ಮನ ಬಾಗಿಲಿಗೆ ಬಡಿಯಿತು, ಆಮೇಲಷ್ಟೇ ಎಲ್ಲರಿಗೂ ಗೊತ್ತಾದದ್ದು. ಆಸ್ಪತ್ರೆಯಲ್ಲಿ ಹಣೆಗೆ ಐದು ಹೊಲಿಗೆ ಬಿತ್ತು, ಹೊಲಿದವರ ಕೈ ಚೆನ್ನಾಗಿತ್ತು, ಕಸುಬಿನವಳಾಗಿ ಈ ಮಾತು ಹೇಳುತ್ತಿದ್ದೇನೆ. ಆಮೇಲೆ ಡಾಕ್ಟರಮ್ಮ ಬಂದು, ಯಾವ ಗಂಟೆಯನ್ನೂ ಬಾರಿಸದೆ, ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ ಮೂವತ್ತೆಂಟು ಎಂದರು. ಇಷ್ಟು ದಿನ ಮನೆಯಲ್ಲಿ ಯಾರೂ ನಾಡಿ ನೋಡಿರಲಿಲ್ಲವೇ ಎಂದು ಅವರು ಕೇಳಿದರು. ಮೂರು ಸಲ ಮೂವತ್ತೆಂಟು ಎಂದು ಬರೆದ ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು. ಉತ್ತರ ಕೊಟ್ಟವರು ಮಂಚದ ಮೇಲಿದ್ದ ಅತ್ತೆ.

"ನಮ್ಮ ಸೊಸೆ ನೋಡಿದ್ಲು ಡಾಕ್ಟ್ರೇ. ಮೊದಲು ಏನೋ ತಪ್ಪು ಬಂತು, ಆಮೇಲೆ ಸರಿಹೋಯ್ತು."

ಡಾಕ್ಟರಮ್ಮ ಆಚೆ ಹೋದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಎಪ್ಪತ್ತೆರಡು ನನ್ನ ಕಲ್ಪನೆ, ಹತ್ತು ಅಂಕದ ಆಸೆಗೆ ಬರೆದದ್ದು, ಆಮೇಲೂ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದೆ. ಅತ್ತುಬಿಟ್ಟೆ. ಅವರು ಬಯ್ಯುತ್ತಾರೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಅಲ್ಲ ಕಣೆ, ಕೈ ಹಿಡ್ಕೊಂಡಿದ್ದು ನೀನು. ಅದು ಹಿಡ್ಕೊಂಡಿತ್ತಾ? ಅದರ ಮಾತು ಯಾಕೆ ಕೇಳ್ದೆ?"

ಈ ಪ್ರಶ್ನೆ ತಮ್ಮ ಪ್ರಶ್ನೆಪತ್ರಿಕೆಯಲ್ಲಿಲ್ಲ.

ಮೂರು ದಿನದ ನಂತರ ಅತ್ತೆಯ ಎದೆಯಲ್ಲಿ, ಕೊರಳೆಲುಬಿನ ಕೆಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪೇಸ್‌ಮೇಕರ್ ಕೂರಿಸಿದರು. ನಿಮಿಷಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಾಗದಂತೆ ಅದನ್ನು ಹೊಂದಿಸಿದ್ದಾರೆ. ಅಂದರೆ, ಮಹಾನುಭಾವರೇ, ಈಗ ನಮ್ಮ ಅತ್ತೆ ತಮ್ಮ ಸುಳಿವಿನ ಪ್ರಕಾರವೇ ನಡೆಯುತ್ತಿದ್ದಾರೆ. ತಮ್ಮ ಉತ್ತರದಲ್ಲಿ ಒಂದಕ್ಷರವನ್ನೂ ತಿದ್ದುವ ಅಗತ್ಯ ಬೀಳಲಿಲ್ಲ, ನಮ್ಮ ಅತ್ತೆಯನ್ನೇ ತಿದ್ದಿಸಿದ್ದಾಯಿತು. ಲೋಕದ ಹೃದಯಗಳೆಲ್ಲ ಒಂದೇ ತಾಳಕ್ಕೆ ಬಡಿಯಬೇಕೆಂದು ದೊಡ್ಡ ದೊಡ್ಡವರೆಲ್ಲ ಭಾಷಣ ಮಾಡಿ ಸೋತ ಕೆಲಸವನ್ನು ತಾವು ಕೂತಲ್ಲಿಂದಲೇ ಸಾಧಿಸಿದ್ದೀರಿ. ಸರ್ಟಿಫಿಕೇಟ್ ಸಾಹೇಬರಿಗಾದರೂ ಗೋಡೆಯ ಮೇಲೆ ಮೂರು ಅಳತೆಗಳಿವೆ, ತಮಗೆ ಒಂದೇ ಸಾಕಾಗುತ್ತದೆ. ಇಂಥ ತಮಗೆ ಕೃತಜ್ಞತೆಯಿಂದ ಒಂದು ರವಿಕೆಯನ್ನೋ ಕೋಟನ್ನೋ ಹೊಲಿದು ಕೊಡುವ ಆಸೆಯಿದೆ. ದಯವಿಟ್ಟು ಎದೆಯ ಸುತ್ತಳತೆ ತಿಳಿಸಿ. ಎದೆ ಇಲ್ಲದ ಪಕ್ಷದಲ್ಲಿ ಆ ವಿಷಯವನ್ನು ಮೊದಲ ಪಾಠದಲ್ಲೇ ವಿದ್ಯಾರ್ಥಿಗಳಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ಅಹವಾಲು ಇಷ್ಟೇ: ನನಗೆ ಕೊಟ್ಟ ಹತ್ತು ಅಂಕಗಳನ್ನು ವಾಪಸು ತೆಗೆದುಕೊಳ್ಳಿ. ಇದಕ್ಕಾಗಿ ತಮ್ಮ ಮರುಪರಿಶೀಲನೆಯ ಅರ್ಜಿಯನ್ನು ತೆರೆದೆ. ನನ್ನ ಅಂಕ ಹೆಚ್ಚಾಗಬೇಕು ಎಂಬ ಒಂದೇ ಒಂದು ಗುಂಡಿ ಅಲ್ಲಿತ್ತು. ಕಡಿಮೆಯಾಗಬೇಕು ಎನ್ನುವವರು ತಮ್ಮ ಕಾಲೇಜಿನಲ್ಲಿ ಹುಟ್ಟಿಯೇ ಇಲ್ಲವೋ ಏನೋ. ಸಹಾಯವಾಣಿಗೆ ಎರಡು ಪುಟ ಬರೆದೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಒಂದೇ ಕ್ಷಣದಲ್ಲಿ ಉತ್ತರ ಬಂತು, ಅಷ್ಟರಲ್ಲಿ ನಾನು ಕನ್ನಡಕ ತೆಗೆದು ಕೆಳಗಿಡುವುದೂ ಆಗಿರಲಿಲ್ಲ. ಒಂದು ಸಲ ತಾವೇ ಬಿಡುವು ಮಾಡಿಕೊಂಡು ನಮ್ಮ ಮನೆಗೆ ದಯಮಾಡಿಸಿ, ಎರಡು ಬೆರಳನ್ನು ಜೊತೆಗೆ ತನ್ನಿ, ಬೆರಳು ಸಿಗದಿದ್ದರೆ ಯಾರದಾದರೂ ಕೇಳಿ ಪಡೆದು ತನ್ನಿ ಎಂದು ಬೇಡಿಕೊಂಡೆ. ಅದಕ್ಕೂ ಅದೇ ಉತ್ತರ.

ಕೊನೆಗೆ ದಾರಿಯೊಂದು ಕಂಡಿತು. ಅವಧಿ ಮುಗಿಯುವ ದಿನದವರೆಗೆ ಯಾವ ಪ್ರಯೋಗವನ್ನಾದರೂ ಮತ್ತೆ ಸಲ್ಲಿಸಬಹುದು, ಕೊನೆಯ ಸಲ್ಲಿಕೆಯೇ ಲೆಕ್ಕಕ್ಕೆ. ನನಗೆ ಒಟ್ಟು ಬಂದಿದ್ದದ್ದು ನಲವತ್ತಾರು, ಪಾಸಾಗಲು ನಲವತ್ತು ಬೇಕು. ಹತ್ತು ಹೋದರೆ ಏನು ಉಳಿಯುತ್ತದೆಂದು ಬೆರಳೆಣಿಸಬೇಕಾಗಿರಲಿಲ್ಲ. ಕಿಟಕಿ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಸುಳ್ಳು ಹೇಳುವುದಿಲ್ಲ, ಇಡೀ ಒಂದು ಬೆಳಿಗ್ಗೆ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ. ಆ ಮೇಜಿಗೆ ಹೋಗಬೇಕೆಂದುಕೊಂಡದ್ದು ಬಂದವರ ಮೈಯನ್ನು ನಂಬಿ ಬರೆಯುವುದಕ್ಕೆ. ನಂಬದೆ ಬರೆದು ಅಲ್ಲಿಗೆ ಹೋದರೆ ಗೋಡೆಯ ಪಟ್ಟಿಗೊಬ್ಬರು ಹೊಸ ಸಾಹೇಬರು ಸಿಕ್ಕ ಹಾಗಾಯಿತು, ಅಷ್ಟೇ. ಕೊನೆಯ ದಿನ ಮೂವತ್ತೆಂಟು ಎಂದು ಬರೆದೆ, ಕೆಳಗೆ ನಲವತ್ತು ಎಂದು ಬರೆದೆ, ಒತ್ತಿದೆ. ತಾವು ಎಂದಿನಂತೆ ಕೆಂಪು ಗೆರೆ ಎಳೆದಿರಿ.

ಫಲಿತಾಂಶದ ಹಾಳೆಯನ್ನು ಮಾಲೀಕರಿಗೆ ತೋರಿಸಿದೆ. ಮೂವತ್ತಾರು ನೋಡಿ ಲೊಚ್ಚೆಂದು, ಮುಂದಿನ ಸಲ ನೋಡೋಣಮ್ಮ ಎಂದರು. ಒಳಕೋಣೆಗೆ ಹೋಗಿ ಹೊಲಿಗೆಯ ಯಂತ್ರದ ಮುಂದೆ ಕೂತೆ. ಪಕ್ಕೆ ಕೊರೆಯುತ್ತಿದ್ದ ಸೊಂಟಪಟ್ಟಿಯೊಂದು ಬಿಚ್ಚಲು ಕಾದಿತ್ತು.

ತಮ್ಮಲ್ಲಿ ಕಡೆಯದಾಗಿ ಕೇಳಿಕೊಳ್ಳುವುದೇನೆಂದರೆ, ತಮ್ಮ ಕಡತದಲ್ಲಿರುವ ಆ ಕೆಂಪು ಗೆರೆಯ ಮೂವತ್ತೆಂಟನ್ನು ಅಳಿಸಬೇಡಿ. ಇನ್ನು ಇತ್ತ ನಾವೆಲ್ಲ ಕ್ಷೇಮ ಎಂದು ಮೊದಲು ಖಾಲಿ ಬಿಟ್ಟಿದ್ದ ಸಾಲನ್ನು ತುಂಬಿಕೊಳ್ಳಬಹುದು, ಅದನ್ನೂ ನಾನೇ ಎಣಿಸಿ ನೋಡಿ ಹೇಳುತ್ತಿದ್ದೇನೆ.

ನಾಲ್ಕು ಅಂಕ ಕಡಿಮೆಯಾದರೂ ಇನ್ನೂ
ತಮ್ಮ ವಿಶ್ವಾಸಿ,
ವಿದ್ಯಾರ್ಥಿ ಸಂಖ್ಯೆ ನಾಲ್ಕು ಸಾವಿರದ ನೂರ ಹದಿನೇಳು

ಮರೆತ ಮಾತು: ಮುಂದಿನ ಅವಧಿಗೂ ಹೆಸರು ಕೊಟ್ಟಿದ್ದೇನೆ. ಆರನೆಯ ಪ್ರಯೋಗಕ್ಕೆ ಇನ್ನೂ ಎರಡು ತಿಂಗಳಿದೆ, ಅತ್ತೆಯವರು ಮಾತ್ರ ಆಗಲೇ ಬಳೆ ಮೇಲೆ ಸರಿಸಿ ಕುರ್ಚಿಯಲ್ಲಿ ಕೂತು ನೋಡಿದ್ದಾಯಿತು. ನಿನ್ನೆ ಎಣಿಸಿದಾಗ ಸರಿಯಾಗಿ ಎಪ್ಪತ್ತು ಬಂತು, ತಾವು ಬೇಡವೆನ್ನುವಂತಿಲ್ಲ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತ ನನಗೆ ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ: "ನಾನಂತೂ ಪಾಸಾದೆ. ಇನ್ನು ನಿಂದು ನೋಡ್ಕೋ."