ತುಕ್ಕಣ್ಣನ ಬಣ್ಣದ ಚೌಕಟ್ಟು

ಏಳು ವರ್ಷದಿಂದ ತುಕ್ಕಣ್ಣ ಕಾಯುತ್ತಿದ್ದ "ಆಹಾ" ಆ ದಿನ ಬೆಳಿಗ್ಗೆ ಪಕ್ಕದ ಮೇಜಿನ ಪಾಲಾಯಿತು. ಹೇಳಿದವರು ಮೇಲಧಿಕಾರಿ. ಹೇಳಿಸಿಕೊಂಡವಳು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗದ ಹೊಸ ಹುಡುಗಿ.

ವಿಡಿಯೋ ಗೇಮಿನ ವಸ್ತುಗಳಿಗೆ ಮೈಬಣ್ಣ ಕೊಡುವ ಕಚೇರಿ ಅದು. ತುಕ್ಕಣ್ಣ ಮಾಡಿದ ತುಕ್ಕು ನೋಡಿದವರು ಕೈ ಒರೆಸಿಕೊಳ್ಳುತ್ತಿದ್ದರು. ಹೆಸರು ಬಂದದ್ದೇ ಹಾಗೆ. ಪರದೆಯ ಮೇಲೆ 'ನೋಡ್' ಎಂಬ ಪುಟ್ಟ ಡಬ್ಬಿಗಳು; ಒಂದು ಬಣ್ಣ ಕೊಡುತ್ತದೆ, ಇನ್ನೊಂದು ಗೀರು, ಮತ್ತೊಂದು ತೇವ. ತಂತಿ ಎಳೆದು ಜೋಡಿಸಿದರೆ ತುಕ್ಕು. ಇವನ ನೂರನಲವತ್ತು ನೋಡ್‌ಗಳ ತಂತಿಗಳು ಬಾಚಣಿಗೆ ಕಾಣದ ತಲೆಯಂತಿದ್ದವು. ಹುಡುಗಿಯದೋ, ಗುಂಪಿಗೊಂದು ಬಣ್ಣದ ಚೌಕಟ್ಟು, ಚೌಕಟ್ಟಿಗೊಂದು ಹೆಸರು. "ಆಹಾ" ಸಿಕ್ಕಿದ್ದು ಅದಕ್ಕೇ.

"ಹೊಸ ಗೇಮಿನ ಹಡಗಿನ ಕೆಲಸ ಯಾರಿಗೆ ಅಂತ ಸಂಜೆ ಹೇಳ್ತೀನಿ" ಎಂದು ಮೇಲಧಿಕಾರಿ ಹೋದರು.

ಏಳು ವರ್ಷ ಬರೀ ಬಕೆಟ್ಟು, ಚಿಲಕಕ್ಕೆ ತುಕ್ಕು ಹಿಡಿಸಿದವನಿಗೆ ಆ ಹಡಗು ಬೇಕೇ ಬೇಕಿತ್ತು.

"ಡಬ್ಬಿಗೆ ಚೀಟಿ ಅಂಟಿಸೋದೂ ಒಂದು ವಿದ್ಯೇನಾ?" ಎಂದು ಗೊಣಗಿದ.

"ಹಂಗಾದ್ರೆ ನೀನೂ ಅಂಟ್ಸಪ್ಪ" ಎಂದಳು ಎದುರು ಮೇಜಿನಲ್ಲಿ ಗೇಮಿಗೆ ಗಿಡಮರ ಮಾಡುವ ಅಕ್ಕ, ತಲೆ ಎತ್ತದೆ.

ಊಟಕ್ಕೂ ಏಳದೆ ಅಂಟಿಸಿದ. ಗೀರಿನ ಗುಂಪಿಗೆ ನೇರಳೆ ಚೌಕಟ್ಟು ಹಾಕಿದರೆ, ಗೇಮಿಗೆ ಬೆಳಕು ಕೂಡಿಸುವ ಕೆಲಸದವನು ಕುರ್ಚಿ ಸಮೇತ ಉರುಳಿಬಂದು "ಕಣ್ಣು ಚುಚ್ಚುತ್ತೆ, ತೆಗಿ" ಎಂದ. ಅಕ್ಕನಿಗೆ ಎಲ್ಲವೂ ಹಸಿರಾಗಬೇಕಿತ್ತು. ಒಂದು ಚೌಕಟ್ಟು ಎಳೆದರೆ ಅದರಡಿ ಸಿಕ್ಕ ಬೇರೆ ಗುಂಪಿನ ನೋಡ್‌ಗಳೂ ಹಿಂದೆಯೇ ಬಂದವು; ತೇವ ಹೋಗಿ ಗೀರಿನ ಮನೆಯಲ್ಲಿ ಕೂತಿತು. ಬಿಡಿಸಿ, ಸೇರಿಸಿ, ಬೆವರಿಳಿಸುವಷ್ಟರಲ್ಲಿ ಯಾವ ಗುಂಪಿಗೂ ಸೇರದ ಒಂದು ನೋಡ್ ಉಳಿಯಿತು. ಅಳಿಸಿದರೆ ತುಕ್ಕೆಲ್ಲ ಹೋಗಿ ಕಬ್ಬಿಣ ಫಳಫಳ ಹೊಳೆಯಿತು. ಹೆದರಿ ವಾಪಸ್ ತಂದು, ಅದಕ್ಕೇ ಒಂದು ಕೆಂಪು ಚೌಕಟ್ಟು ಕಟ್ಟಿ "ಮುಟ್ಟಬೇಡಿ" ಎಂದು ಬರೆದ.

ಸಂಜೆ ಮೇಲಧಿಕಾರಿ ಬಂದರು. ನೋಡಿದರು. "ಆಹಾ" ಎಂದರು.

ತುಕ್ಕಣ್ಣ ಹುಡುಗಿಯತ್ತ ಓರೆಗಣ್ಣು ಹಾಯಿಸಿದ. ಆ ಗಳಿಗೆ ಅವನಿಗೆ ಏಳು ವರ್ಷವೂ ಸಾರ್ಥಕವೆನಿಸಿತು.

"ಇಷ್ಟು ದಿನ ನಿನ್ನ ತುಕ್ಕು ನಿನಗೊಬ್ಬನಿಗೇ ಅರ್ಥ ಆಗ್ತಿತ್ತು. ಬೇರೆ ದಾರಿ ಇಲ್ಲ, ಹಡಗು ನಿನಗೇ ಅಂದ್ಕೊಂಡಿದ್ದೆ" ಎಂದರು ಅವರು. "ಈಗ ಯಾರು ಬೇಕಾದ್ರೂ ಓದಬಹುದು. ಈ ಹುಡುಗಿ ಇದನ್ನೇ ಹಡಗಿಗೆ ಹಾಕ್ಲಿ. ನಿನ್ನ ಕೈ ಚೌಕಟ್ಟಿಗೆ ಚೆನ್ನಾಗಿ ಕುದುರಿದೆ. ನಾಳೆಯಿಂದ ಎಲ್ಲರ ನೋಡ್‌ಗಳನ್ನೂ ನೀನೇ ಓರಣ ಮಾಡು."

ಹುಡುಗಿ ಮೆಲ್ಲಗೆ ಹತ್ತಿರ ಬಂದಳು. "ನಿಜ ಹೇಳ್ಲಾ ಸಾರ್? ಸೇರಿದಾಗಿನಿಂದ ನಿಮ್ಮನ್ನ ನೋಡಿ ಹೊಟ್ಟೆಕಿಚ್ಚು ಪಡ್ತಿದ್ದೆ. ಚೀಟಿ ಇಲ್ದೇ ಎಲ್ಲ ನೆನಪಿಟ್ಕೋತೀರಲ್ಲ ಅಂತ. ನಂಗೆ ಮರೆವು, ಅದಕ್ಕೇ ಚೌಕಟ್ಟು."

ಅಷ್ಟರಲ್ಲಿ ಬೆಳಕಿನವನ ಕುರ್ಚಿ ಉರುಳಿಬಂತು.

"ಮೊದಲು ನಂದು ಮಾಡು" ಎಂದ ಅವನು. "ನೇರಳೆ ಮಾತ್ರ ಬೇಡ."