ಮೇಷ್ಟ್ರ ಕೊಕ್ಕರೆಯೂ ನನ್ನ ಹಳೆಯ ಫೈಲುಗಳೂ

ಕೈಬರಹ ನೋಡಿ ಮನುಷ್ಯನ ಗುಣ ಹೇಳುವವರಿದ್ದಾರಂತೆ. ಅಷ್ಟು ಕಷ್ಟಪಡಬೇಕಾಗಿಲ್ಲ, ಅವನು ಕಂಪ್ಯೂಟರಿನಲ್ಲಿ ಫೈಲುಗಳಿಗೆ ಇಟ್ಟ ಹೆಸರು ನೋಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ನನ್ನ ಫೈಲುಗಳ ಹೆಸರುಗಳು ಹೀಗಿವೆ: ‘ಹೊಸದು’, ‘ಹೊಸದು ಎರಡು’, ‘ಕೊನೆಯದು’, ‘ಇದೇ ಕೊನೆಯದು’, ‘ದೇವರಾಣೆ ಇದೇ ಕೊನೆಯದು’. ಇವುಗಳಲ್ಲಿ ಯಾವುದರೊಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಇಪ್ಪತ್ತೈದು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡು, ಲಗ್ನಪತ್ರಿಕೆಯಿಂದ ಹಿಡಿದು ಪಹಣಿ ತಿದ್ದುಪಡಿಯ ಅರ್ಜಿಯವರೆಗೆ ಊರಿನ ಸಮಸ್ತ ಸುಖದುಃಖಗಳನ್ನು ಟೈಪು ಮಾಡಿದವನು ನಾನು. ಆದರೂ ಒಂದು ಹಳೆಯ ಫೈಲು ಹುಡುಕುವುದಕ್ಕಿಂತ ಅದನ್ನೇ ಇನ್ನೊಮ್ಮೆ ಟೈಪು ಮಾಡುವುದು ನನಗೆ ಸುಲಭ. ನಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಹೆಂಡತಿಯೇ ಹೆಸರಿಟ್ಟಳು. ನನಗೆ ಬಿಟ್ಟಿದ್ದರೆ ಎರಡನೆಯವಳು ‘ಹೊಸದು ಎರಡು’ ಆಗಿರುತ್ತಿದ್ದಳು ಎಂದು ಬಂದ ನೆಂಟರಿಗೆಲ್ಲ ಹೇಳುತ್ತಾಳೆ.

ಇಂಥ ನನ್ನ ಅಂಗಡಿಗೆ ಹೋದ ವರ್ಷ ಶ್ವೇತಾ ಎಂಬ ಗ್ರಂಥಪಾಲಕಿ ಬಂದರು. ಶಿಕಾರಿಪುರದಲ್ಲಿ ಕೆಲಸ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಆದರೆ ಕೈಯಲ್ಲಿ ಫಾರ್ಮು ಹಿಡಿದು ಬಂದವರನ್ನು ಏಕವಚನದಲ್ಲಿ ಮಾತಾಡಿಸುವ ಧೈರ್ಯ ನನಗಿಲ್ಲ. ಈ ಸೀಮೆಯವರು ಕಂಪ್ಯೂಟರಿನಲ್ಲಿ ಬರೆಸಿಟ್ಟ ಹಳೆಯ ಬರಹಗಳನ್ನು ಮುಂದಿನವರಿಗೆ ಉಳಿಸುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡಿದ್ದರು. ಅವರನ್ನು ನನ್ನಲ್ಲಿಗೆ ಕಳಿಸಿದವರು ಸೊರಬದ ಕಡೆಯ ಕೆರಿಯಪ್ಪ ಮೇಷ್ಟ್ರು. ಮೇಷ್ಟ್ರ ಊರು ಗುಡವಿಯ ಪಕ್ಷಿಧಾಮಕ್ಕೆ ಹತ್ತಿರ. ಅಲ್ಲಿಗೆ ಬರುವ ಹಕ್ಕಿಗಳಲ್ಲಿ ಕೆಲವು ಇವರ ಊರಿನ ಕೆರೆಗೂ ಬಂದು ಬಿಡಾರ ಹೂಡುತ್ತವೆ. ನಿವೃತ್ತರಾದ ಮೇಲೆ ಮೇಷ್ಟ್ರು ಎಷ್ಟೋ ವರ್ಷ ಕೆರೆ ಏರಿಯ ಮೇಲೆ ಕೂತು, ಯಾವ ಹಕ್ಕಿ ಯಾವತ್ತು ಬಂತು, ಯಾವ ಮರದಲ್ಲಿ ಕೂತಿತು, ಯಾವತ್ತು ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದರು. ಮುಂದೆ ಪುಸ್ತಕ ಮಾಡುವ ಆಸೆಯಿಂದ ತಿಂಗಳಿಗೊಮ್ಮೆ ಸಂತೆಗೆ ಬಂದಾಗ ಆ ಹಾಳೆಗಳನ್ನು ನನ್ನಲ್ಲಿ ಟೈಪು ಮಾಡಿಸುತ್ತಿದ್ದರು. ಪುಸ್ತಕ ಆಗಲಿಲ್ಲ. ನೋಟ್‌ಬುಕ್ಕು, ಪ್ರಿಂಟು ಎರಡನ್ನೂ ಗೆದ್ದಲು ತಿಂದು ಮುಗಿಸಿತು. ಉಳಿದದ್ದು ನನ್ನ ಹತ್ತಿರವಿದ್ದ ಫೈಲು ಮಾತ್ರ. ಜಗತ್ತಿನಲ್ಲಿ ಅದೊಂದೇ ಪ್ರತಿ ಸರ್ ಎಂದು ಶ್ವೇತಾ ಹೇಳಿದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಆದರೆ ಫೈಲು ಕೊಟ್ಟರಷ್ಟೇ ಸಾಲದಂತೆ. ಯಾವ ತಂತ್ರಾಂಶ, ಯಾವ ಫಾಂಟು, ಯಾವ ಕೀಲಿಮಣೆ, ಟೈಪು ಮಾಡಿದವರು ಕೆಲಸ ಮಾಡುತ್ತಿದ್ದ ರೀತಿ ಯಾವುದು, ಎಲ್ಲವನ್ನೂ ಫಾರ್ಮಿನಲ್ಲಿ ಬರೆದುಕೊಡಬೇಕು. ಇದರಲ್ಲಿ ನ್ಯಾಯವಿದೆ. ಆಗ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ನಾವು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿ ಕುಣಿಸುತ್ತಿದ್ದೆವು. ಆ ವೇಷದ ಪೆಟ್ಟಿಗೆಯೇ ಫಾಂಟು. ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಶ್ರೀ ಗಣೇಶಾಯ ನಮಃ’ ಎಂದಿದ್ದ ಜಾಗದಲ್ಲಿ ಬೆಕ್ಕು ಕೀಲಿಮಣೆಯ ಮೇಲೆ ನಡೆದುಹೋದಂತೆ ಏನೇನೋ ಕಾಣುತ್ತದೆ. ಯಾವ ಗುರುತು ಯಾವ ಅಕ್ಷರ ಎಂದು ಬಲ್ಲವರು ಬರೆದಿಡದಿದ್ದರೆ ಇನ್ನು ಕೆಲವು ವರ್ಷಕ್ಕೆ ಅದನ್ನು ಯಾರೂ ಓದಲಾರರು. ಬಲ್ಲವರು ಎಂದರೆ ನಾನು. ಈ ಮಾತನ್ನು ಮನೆಯಲ್ಲಿ ಎರಡು ಸಲ ಹೇಳಿದೆ.

ಆ ಫೈಲು ಹಾಕಿಟ್ಟಿದ್ದ ಸೀಡಿ ಹುಡುಕಲು ಹೋದಾಗ ಈ ಹೆಮ್ಮೆ ಸ್ವಲ್ಪ ಇಳಿಯಿತು. ನನ್ನ ಹಳೆಯ ಸೀಡಿಗಳಲ್ಲಿ ಅರ್ಧದಷ್ಟನ್ನು ಹೆಂಡತಿ ತೊಗರ್ಸಿಯ ತನ್ನ ತಮ್ಮನಿಗೆ ಕೊಟ್ಟಿದ್ದಳು. ಅವನು ಅವನ್ನು ಮೆಕ್ಕೆಜೋಳದ ಹೊಲದಲ್ಲಿ ದಾರಕ್ಕೆ ಕಟ್ಟಿ ತೂಗಿಬಿಟ್ಟಿದ್ದ. ಬಿಸಿಲಿಗೆ ಫಳಫಳ ಹೊಳೆದರೆ ಗಿಳಿ ಬರುವುದಿಲ್ಲವಂತೆ. ಮೇಷ್ಟ್ರ ಹಕ್ಕಿಗಳ ಸೀಡಿಯೂ ಹಕ್ಕಿ ಓಡಿಸಲು ಹೋಯಿತೇನೋ ಎಂದು ಅಂಗಡಿಯ ಡಬ್ಬಿಗಳನ್ನೆಲ್ಲ ಕೆಳಗೆ ಸುರಿದೆ. ಪುಣ್ಯಕ್ಕೆ ಅದು ಹಳೆಯ ಲಗ್ನಪತ್ರಿಕೆಗಳ ಡಬ್ಬಿಯಲ್ಲಿ ಸಿಕ್ಕಿತು. ಫೈಲಿನ ಹೆಸರು ‘ಹೊಸದು ಏಳು’.

ಒಂದು ತಿಂಗಳು ಶ್ವೇತಾ ಮತ್ತು ನಾನು ಕೂತು ಅದನ್ನು ಈಗಿನ ಕನ್ನಡಕ್ಕೆ ತಿರುಗಿಸಿದೆವು. ಮುಗಿಯುವ ಹೊತ್ತಿಗೆ ಅವರಿಗೆ ಒಂದು ಕೊಕ್ಕರೆಯ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ‘ಎಡಗಾಲು ಎಳೆಯುವ ಕೊಕ್ಕರೆ ಇವತ್ತು ಬಂತು. ಹುಣಸೆಮರದ ಅದೇ ಟೊಂಗೆ’ ಎಂದು ಮೇಷ್ಟ್ರು ಬರೆದಿದ್ದರು. ಐದು ವರ್ಷ ಸಾಲಾಗಿ, ಐದೂ ವರ್ಷ ಜೂನ್ ಹದಿಮೂರಕ್ಕೇ. ಒಂದು ದಿನ ಹಿಂದಿಲ್ಲ, ಒಂದು ದಿನ ಮುಂದಿಲ್ಲ. ಇಂಥ ಹಕ್ಕಿಯನ್ನು ಯಾರೂ ಕಂಡಿರಲಿಕ್ಕಿಲ್ಲ, ಇದರ ಬಗ್ಗೆ ಮೇಷ್ಟ್ರ ಹೆಸರಿನಲ್ಲೇ ಒಂದು ಲೇಖನ ಕಳಿಸುತ್ತೇನೆ, ಮುಂದಿನ ವಾರವೇ ಕಳಿಸುತ್ತೇನೆ ಎಂದರು. ನಾನು ಚಹಾ ತರಿಸುವ ನೆಪದಲ್ಲಿ ಹೊರಗೆ ಬಂದು ನಿಂತೆ.

ಯಾಕೆಂದರೆ, ಫಾರ್ಮಿನಲ್ಲಿ ಕೇಳಿದ ‘ಕೆಲಸ ಮಾಡುತ್ತಿದ್ದ ರೀತಿ’ ನನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ನೆನಪಾಗಿತ್ತು. ಡಿಟಿಪಿಯವರು ಯಾವುದನ್ನೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಳೆಯ ಲಗ್ನಪತ್ರಿಕೆಯನ್ನೇ ತೆರೆದು ಗಂಡುಹೆಣ್ಣಿನ ಹೆಸರು ಬದಲಿಸುತ್ತೇವೆ. ಒಮ್ಮೆ ಹೀಗೆ ಬದಲಿಸುವಾಗ ಹಿಂದಿನ ಮದುವೆಯ ಸೋದರಮಾವನ ಹೆಸರು ಹೊಸ ಪತ್ರಿಕೆಯಲ್ಲಿ ಉಳಿದುಹೋಗಿತ್ತು. ಆ ಪುಣ್ಯಾತ್ಮ ತನ್ನ ಹೆಸರು ಕಂಡು ಆ ಮದುವೆಗೂ ಹೋಗಿ, ಮುಂದೆ ನಿಂತು ಓಡಾಡಿ, ಊಟ ಮಾಡಿಕೊಂಡು ಬಂದ. ಬೀಗರಿಬ್ಬರೂ ಅವನನ್ನು ಆ ಕಡೆಯವನೆಂದು ತಿಳಿದರಂತೆ. ಮೇಷ್ಟ್ರ ಹಾಳೆಗಳದ್ದೂ ಅದೇ ಕಥೆ. ಉಳಿದ ತಿಂಗಳುಗಳನ್ನು ನಿಯತ್ತಾಗಿಯೇ ಟೈಪು ಮಾಡಿದ್ದೆ. ಜೂನ್ ಮಾತ್ರ ಶಾಲೆಗೆ ಸೇರಿಸುವ ಕಾಲ, ಅಂಗಡಿಯಲ್ಲಿ ಜಾತಿ-ಆದಾಯದ ಅರ್ಜಿ ಬರೆಸುವವರ ನೂಕುನುಗ್ಗಲು. ಹಿಂದಿನ ಜೂನಿನ ಪುಟ ತೆರೆದು, ಇಸವಿ ಬದಲಿಸಿ, ಪ್ರಿಂಟು ಒತ್ತಿ ಕೊಡುತ್ತಿದ್ದೆ. ಅದೇ ಕೆರೆ, ಅದೇ ಹಕ್ಕಿ, ಅದೇ ಮರ, ಇನ್ನೇನು ಬೇರೆ ಇರುತ್ತದೆ ಎಂದುಕೊಂಡಿದ್ದೆ. ಮೇಷ್ಟ್ರು ತಿದ್ದಿ ನೋಡಿದವರೂ ಅಲ್ಲ. ನೀನು ಮಾಡಿದ ಮೇಲೆ ನೋಡುವುದೇನು ಎಂದು ನನ್ನ ಬೆನ್ನು ತಟ್ಟಿ ಬಸ್ಸು ಹತ್ತುತ್ತಿದ್ದರು.

ಎರಡು ದಿನ ಸುಮ್ಮನಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಹೊಳೆದಿತ್ತು, ಅದನ್ನೇಕೆ ಮುಚ್ಚಿಡಲಿ. ಆದರೆ ಬಲ್ಲವರು ಯಾರಾದರೂ ಓದಿ, ಕೈಗಡಿಯಾರ ಕಟ್ಟಿಕೊಂಡು ಬರುವ ಈ ಕೊಕ್ಕರೆ ಯಾವುದೆಂದು ನಕ್ಕರೆ, ನಗೆಪಾಟಲಾಗುವವರು ಮೇಷ್ಟ್ರು. ಜೀವಮಾನದಲ್ಲಿ ಒಂದು ಹಾಜರಿಯನ್ನೂ ಸುಳ್ಳು ಬರೆಯದ ಮನುಷ್ಯ. ಹೆಂಡತಿಗೆ ಹೇಳಿದೆ. ಅವಳು ಪಡವಲಕಾಯಿ ಹೆಚ್ಚುತ್ತಾ, “ಶ್ವೇತಾಗೆ ಆಮೇಲೆ ಹೇಳೀರಂತೆ. ಮೊದ್ಲು ಮೇಷ್ಟ್ರ ಮುಂದೆ ಹೋಗಿ ನಿಲ್ರಿ” ಎಂದಳು.

ಹೋಗಿ ನಿಂತೆ. ಮೇಷ್ಟ್ರಿಗೆ ಈಗ ಕಣ್ಣು ಪೂರ್ತಿ ಮಂಜು. ದನಿ ಕೇಳಿಯೇ ನನ್ನನ್ನು ಗುರುತಿಸಿದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಐದು ವರ್ಷ ಬಂತು ಅಂತ ಬರ್ದಿದೀಯಾ?”

“ಹೂಂ ಮೇಷ್ಟ್ರೇ.”

“ಅದು ಬಂದಿದ್ದು ಎರಡೇ ವರ್ಷ ಮಾರಾಯ. ಮೂರನೇ ವರ್ಷ ಜೂನ್ ಮುಗಿಯೋ ತನಕ ಕಾದೆ. ‘ನಂಗೋಸ್ಕರ ಒಂದಿನಾನೂ ಹಿಂಗೆ ಕಾದೋರಲ್ಲ’ ಅಂತ ನಮ್ಮನೆಯವಳು ನಗಾಡಿದ್ಲು. ಬಂದಿದ್ದಕ್ಕೆ ಒಂದು ಸಾಲು ಬರ್ದಿದ್ದೆ. ಬರದೇ ಇದ್ದಿದ್ದಕ್ಕೆ ಅರ್ಧ ಪುಟ ಬರ್ದಿದ್ದೆ. ಅದನ್ನ ನೀನು ಟೈಪೇ ಮಾಡಿಲ್ಲ ಅಂದಂಗಾಯ್ತು.”

ಅವರು ಬೈದಿದ್ದರೆ ಚೆನ್ನಾಗಿತ್ತು. ಮೇಷ್ಟ್ರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಆಕೆ ನಗಾಡಿದ್ದು ಆ ಅರ್ಧ ಪುಟದಲ್ಲಿ ಇತ್ತೋ ಏನೋ, ನಾನು ಕೇಳಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಯಾವ ಫಾಂಟು ತಂದರೂ, ಯಾವ ತಂತ್ರಾಂಶ ಹಾಕಿದರೂ, ನಾನು ಟೈಪು ಮಾಡದ ಪುಟ ಸೀಡಿಯಿಂದ ಎದ್ದು ಬರುವುದಿಲ್ಲ. ಶ್ವೇತಾಗೆ ಅಲ್ಲಿಂದಲೇ ಫೋನು ಮಾಡಿ ಲೇಖನ ನಿಲ್ಲಿಸಿದೆ. ಅವರು, ಇದನ್ನೂ ಫಾರ್ಮಿನಲ್ಲಿ ಬರೆಯಿರಿ ಸರ್, ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಸೇರಿಸಿ ಎಂದರು. ಎರಡು ಹಾಳೆ ಬೇಕಾಯಿತು.

ಮೇಷ್ಟ್ರಿಗೆ ಮೊದಲನೆಯದು ಬಿಟ್ಟು ಉಳಿದ ನಾಲ್ಕು ಜೂನುಗಳಲ್ಲಿ ಎಷ್ಟು ನೆನಪಿದೆಯೋ ಅಷ್ಟನ್ನು ಅವರ ಬಾಯಿಂದಲೇ ಕೇಳಿ, ನೆನಪಿನಿಂದ ಹೇಳಿದ್ದು ಎಂದು ಷರಾ ಹಾಕಿ ಸೇರಿಸುವುದೆಂದು ತೀರ್ಮಾನವಾಯಿತು. ಹಾಗಾಗಿ ಈಗ ಪ್ರತಿ ಭಾನುವಾರ ಲ್ಯಾಪ್‌ಟಾಪು ಹೊತ್ತು ಅವರ ಜಗಲಿಯ ಮೇಲೆ ಕೂರುತ್ತೇನೆ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಹೇಳುತ್ತಾರೆ, ನಾನು ಟೈಪು ಮಾಡುತ್ತೇನೆ. ಎರಡನೆಯ ಭಾನುವಾರ ಒಂದು ಕಡೆ ಅವರು ಕೆರೆಯಲ್ಲಿ ಕಂಡ ಹಕ್ಕಿಗಳ ಉದ್ದನೆಯ ಪಟ್ಟಿ ಹೇಳಿದರು. ಹಿಂದಿನ ಪುಟದಲ್ಲಿ ಹೇಳಿದ್ದ ಹಕ್ಕಿಗಳೇ, ಬಹುಶಃ ಅದೇ ಕ್ರಮದಲ್ಲಿ. ನನ್ನ ಬೆರಳು ನನ್ನನ್ನು ಕೇಳದೆ ಹಿಂದಕ್ಕೆ ಹೋಗಿ, ಆ ಸಾಲುಗಳನ್ನು ಎತ್ತಿ, ತಂದು ಇಲ್ಲಿಟ್ಟಿತು. ಮೇಷ್ಟ್ರು ಹೇಳುವುದನ್ನು ನಿಲ್ಲಿಸಿ ನನ್ನ ಕಡೆ ಕಿವಿ ತಿರುಗಿಸಿದರು.

“ಅಷ್ಟುದ್ದ ಹೇಳಿದ್ನಲ್ಲ ಮಾರಾಯ,” ಎಂದರು, “ಕೀಲಿಮಣೆ ಎರಡೇ ಸಲ ಟಕ್ ಅಂತು.”